ಅಂಗೈಯ ವಚನ, ಮೇಜಿನ ವಚನ



ಡಾ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾಯಿತು. ಇಂದು ನಮ್ಮ ಆನಗೋಡಿಗೆ ದೂರವಲ್ಲದ ಸಿರಿಗೆರೆಯ ತರಳಬಾಳು ಬೃಹನ್ಮಠದ ‘ಶಿವಶರಣರ ವಚನ ಸಂಪುಟ’ವು ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ದೊರೆಯುತ್ತಿದೆ. ಪಠ್ಯ ಒಂದೇ ಆದರೂ ಓದಿನ ಬಗೆ ಬೇರೆ ಎಂಬುದು ನನ್ನ ಅಭಿಪ್ರಾಯ.

ಮೊಬೈಲಿನ ಕಿರಿದಾದ ಪರದೆಯಲ್ಲಿ ಒಮ್ಮೆಗೆ ಒಂದು ವಚನವನ್ನು ಓದಬಹುದು. ನಿತ್ಯದ ಓದಿಗೆ, ಬಸ್ಸಿನ ಪ್ರಯಾಣಕ್ಕೆ ಅದೇ ಅನುಕೂಲ. ಆದರೆ ಅಧ್ಯಯನವೆಂದರೆ ಹೋಲಿಕೆ. ‘ಕಾಯಕ’ವೆಂಬ ಪದವನ್ನು ಯಾವ ಶರಣರು ಹೇಗೆ ಬಳಸಿದರೆಂದು ಅಕ್ಕಪಕ್ಕದಲ್ಲಿರಿಸಿ ನೋಡಲು, ಟಿಪ್ಪಣಿ ಮಾಡಿಕೊಳ್ಳಲು ಗಣಕಯಂತ್ರದ ಅಗಲವಾದ ಪರದೆಯೇ ಬೇಕು.

ಇದು ಬರಿಯ ಅನುಕೂಲದ ಪ್ರಶ್ನೆಯಲ್ಲ. ಬಿಡಿ ಸಾಲೊಂದನ್ನು ನಕಲಿಸಿ ಕಳಿಸುವುದು ಮೊಬೈಲಿನಲ್ಲಿ ಬಲು ಸುಲಭ. ಕಾಯಕವನ್ನು ಕೈಲಾಸಕ್ಕೆ ಸಮಗೊಳಿಸುವ ಪ್ರಸಿದ್ಧ ಮಾತು ಬಸವಣ್ಣನವರ ಹೆಸರಿನಲ್ಲಿ ಹರಿದಾಡುವುದು ಹೀಗೆಯೇ. ಅದು ಇರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ, ಅಂಕಿತ ‘ಅಮರೇಶ್ವರಲಿಂಗ’. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಶರಣರ ಮಾತು ಅವರಿಗೇ ಸಲ್ಲಬೇಡವೇ?

ಆದ್ದರಿಂದ ಅಂಗೈಯಲ್ಲಿ ಓದಿರಿ, ಸಂತೋಷ. ಬೋಧಿಸುವ, ಬರೆಯುವ, ನಾಲ್ವರಿಗೆ ಕಳಿಸುವ ಮುನ್ನ ಮಾತ್ರ ಮೇಜಿನ ಮುಂದೆ ಕುಳಿತು ಇಡೀ ವಚನವನ್ನೂ ಅದರ ಅಂಕಿತವನ್ನೂ ನೋಡಿರಿ.