ಚದರಡಿಯ ದರವೊಂದೇ ಸಾಲದು

ಮನೆಯಂಗಳದ ಕಾರು ನಿಲುಗಡೆಗೆ ಇಂಟರ್‌ಲಾಕ್ ಕಾಂಕ್ರೀಟ್ ಬ್ಲಾಕ್ ಹಾಸುವುದು ರಾಜ್ಯದ ನಗರಗಳಲ್ಲಿ ಇಂದು ಸಾಮಾನ್ಯವಾಗಿದೆ. ಈ ಬೇಡಿಕೆಯನ್ನು ನಂಬಿ ಅನೇಕ ಸಣ್ಣ ಘಟಕಗಳು ನಡೆಯುತ್ತಿವೆ. ಆದರೆ ವ್ಯವಹಾರವು ಬಹುತೇಕ ಚದರಡಿಯ ದರವೊಂದರ ಮೇಲೆಯೇ ಕುದುರುತ್ತಿರುವುದು ಉದ್ಯಮಕ್ಕೆ ಹಿತಕರವಲ್ಲ.

ಈ ಬ್ಲಾಕುಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 15658, 2006ರಲ್ಲಿ ಪ್ರಕಟವಾಗಿ 2021ರಲ್ಲಿ ಪರಿಷ್ಕೃತವಾಯಿತು. ವಾಹನ ಸಂಚಾರವಿಲ್ಲದ ಜಾಗಕ್ಕೆ 50 ಮಿ.ಮೀ., ಲಘು ಸಂಚಾರಕ್ಕೆ 60 ಮಿ.ಮೀ. ದಪ್ಪವನ್ನು 2006ರ ಆವೃತ್ತಿಯೇ ಸೂಚಿಸಿತ್ತು. ಕಾಲುದಾರಿಯ ಬ್ಲಾಕನ್ನು ಕಾರಿನಡಿಗೆ ಹಾಸಿದರೆ, ಅಥವಾ ಕ್ಯೂರಿಂಗ್ ಮುಗಿಯುವ ಮುನ್ನವೇ ಮಾಲನ್ನು ಲಾರಿಗೇರಿಸಿದರೆ, ಅಂದು ಉಳಿಸಿದ ಹಣ ಮುಂದೆ ಕಿತ್ತು ಮರುಹಾಸುವ ಕೂಲಿಗೂ ಸಾಲದು.

ದೋಷವು ಯಾವಾಗಲೂ ಬ್ಲಾಕಿನದೇ ಎನ್ನಲಾಗದು. ತಳದ ಜಲ್ಲಿಯನ್ನು ದಮ್ಮಸು ಮಾಡದಿದ್ದರೆ, ಅಂಚಿಗೆ ಆಧಾರದ ಕಲ್ಲು ಕೂರಿಸದಿದ್ದರೆ, ಸಂದುಗಳಿಗೆ ಒಣ ಮರಳು ತುಂಬದಿದ್ದರೆ ಉತ್ತಮ ಬ್ಲಾಕು ಸಹ ಮಳೆಗಾಲದಲ್ಲಿ ಕುಸಿದೀತು. ಆಗ ಗ್ರಾಹಕನು ದೂರುವುದು ತಯಾರಕನನ್ನೇ.

ಆದುದರಿಂದ ಬಿಲ್ಲಿನಲ್ಲಿ ದಪ್ಪ, ದರ್ಜೆ ಹಾಗೂ ತಯಾರಿಕೆಯ ದಿನಾಂಕವನ್ನು ನಮೂದಿಸುವ, ಮಾಲಿನೊಡನೆ ಹಾಸುವ ಕ್ರಮದ ಒಂದು ಪುಟದ ಸೂಚನೆ ನೀಡುವ ಪದ್ಧತಿಯನ್ನು ಸದಸ್ಯ ಬಾಂಧವರು ತಾವಾಗಿಯೇ ಆರಂಭಿಸುವುದು ಒಳಿತು. ಎರಡು ದರಗಳ ನಡುವಣ ವ್ಯತ್ಯಾಸದ ಕಾರಣ ಬಿಲ್ಲಿನಲ್ಲಿಯೇ ಕಾಣದಿದ್ದಲ್ಲಿ ಗ್ರಾಹಕನು ಕಡಿಮೆ ದರವನ್ನೇ ಆರಿಸುತ್ತಾನೆ. ಅದಕ್ಕಾಗಿ ಅವನನ್ನು ದೂಷಿಸುವಂತಿಲ್ಲ.