ಮೊಲದ ಜ್ವರಕ್ಕೆ ಮದ್ದಿನ ಪರೀಕ್ಷೆ

2000ನೆಯ ಇಸವಿಯಲ್ಲಿ ಅಮೆರಿಕದ ಪೂರ್ವ ಕರಾವಳಿಯ ಮಾರ್ಥಾಸ್ ವಿನ್ಯರ್ಡ್ ಎಂಬ ದ್ವೀಪದಲ್ಲಿ 15 ಮಂದಿ ಒಂದೇ ರೋಗಕ್ಕೆ ತುತ್ತಾದರು. ಅವರ ಪೈಕಿ 11 ಮಂದಿಗೆ ರೋಗವು ನೇರವಾಗಿ ಶ್ವಾಸಕೋಶಕ್ಕೇ ತಗುಲಿತ್ತು, ಒಬ್ಬರು ಬದುಕಲಿಲ್ಲ. ತನಿಖೆ ನಡೆಸಿದ ವೈದ್ಯರಿಗೆ ವಿಚಿತ್ರವಾದ ಸುಳಿವೊಂದು ಸಿಕ್ಕಿತು. ರೋಗಿಗಳಲ್ಲಿ ಹಲವರು ಜ್ವರ ಬರುವ ಮುನ್ನ ಹುಲ್ಲು ಕತ್ತರಿಸುವ ಯಂತ್ರವನ್ನು ನಡೆಸಿದ್ದವರು, ಇಲ್ಲವೆ ಪೊದೆಗಳನ್ನು ಸವರಿದ್ದವರು. ಸಣ್ಣ ಪ್ರಾಣಿಗಳಿಂದ ನೆಲವನ್ನು ಸೇರಿದ್ದ ರೋಗಾಣುವು ಧೂಳಿನೊಡನೆ ಮೇಲೆದ್ದು ಉಸಿರಿನಲ್ಲಿ ಬೆರೆತಿತ್ತೆಂದು ಅವರು ತರ್ಕಿಸಿದರು.

ಈ ರೋಗಕ್ಕೆ ಟ್ಯುಲರೀಮಿಯ ಎಂದು ಹೆಸರು. ಮೊಲದ ಜ್ವರವೆಂದೂ ಕರೆಯುವುದುಂಟು. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲವೆಂಬುದೊಂದೇ ಸಮಾಧಾನ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಪ್ಲೇಗ್ ಪ್ರಯೋಗಶಾಲೆಯಲ್ಲಿದ್ದ ಜಾರ್ಜ್ ಮೆಕಾಯ್ ಅವರು 1911ರಲ್ಲಿ, ನೆಲದ ಅಳಿಲುಗಳಲ್ಲಿ ಪ್ಲೇಗನ್ನು ಹೋಲುವ, ಆದರೆ ಪ್ಲೇಗ್ ಅಲ್ಲದ ರೋಗವೊಂದನ್ನು ಗುರುತಿಸಿದರು. ಚಾರ್ಲ್ಸ್ ಚೇಪಿನ್ ಅವರೊಡನೆ ಅದರ ರೋಗಾಣುವನ್ನು ಬೆಳೆಸಹೊರಟರೆ, ಆ ಪ್ರಾಣಿ ಮಾಮೂಲು ಆಹಾರವನ್ನು ಮೂಸಿಯೂ ನೋಡಲಿಲ್ಲ! ಕೊನೆಗೆ ಗಟ್ಟಿಯಾಗುವಂತೆ ಕಾಯಿಸಿದ ಮೊಟ್ಟೆಯ ಹಳದಿಯ ಮೇಲೆ ಬೆಳೆಯಿತು. ಕ್ಯಾಲಿಫೋರ್ನಿಯದ ಟುಲಾರಿ ಎಂಬ ಜಿಲ್ಲೆಯ ಹೆಸರು ಅದಕ್ಕೆ ಅಂಟಿಕೊಂಡುದು 1912ರಲ್ಲಿ. ಮುಂದೆ ಎಡ್ವರ್ಡ್ ಫ್ರಾನ್ಸಿಸ್ ಎಂಬ ವೈದ್ಯರು ಬಹುಕಾಲ ಇದರ ಬೆನ್ನುಹತ್ತಿ, ಗಂಧಕಾಂಶವುಳ್ಳ ಸಿಸ್ಟೀನ್ ಎಂಬ ವಸ್ತು ದೊರೆತಲ್ಲಿ ಇದು ಚೆನ್ನಾಗಿ ಬೆಳೆಯುವುದೆಂದು ತೋರಿಸಿದರು; ತಾವೂ ಅದೇ ಜ್ವರದಿಂದ ನರಳಿದರು. ಫ್ರಾನ್ಸಿಸೆಲ್ಲ ಟುಲರೆನ್ಸಿಸ್ ಎಂಬ ಇಂದಿನ ಹೆಸರಿನಲ್ಲಿ ಆ ಜಿಲ್ಲೆಯೂ ಈ ವೈದ್ಯರೂ ಜತೆಯಾಗಿ ಉಳಿದಿದ್ದಾರೆ.

ಪೆನಿಸಿಲಿನ್ನಿಗೆ ಈ ರೋಗಾಣು ಜಗ್ಗುವುದಿಲ್ಲ. ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಿಂದ 1944ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಎರಡೇ ವರ್ಷಗಳಲ್ಲಿ ಇದರ ರೋಗಿಗಳಿಗೆ ಸಂಜೀವಿನಿಯಾಗಿ ಒದಗಿತು. ಈಗ ಜೆಂಟಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಎಂಬವೂ ವೈದ್ಯರ ಕೈಯಲ್ಲಿವೆ. ಆದರೆ ಈ ರೋಗಿಯ ಮೈಯೊಳಗಿರುವ ಈ ರೋಗಾಣುವು ಇವುಗಳಲ್ಲಿ ಯಾವುದಕ್ಕೆ ಮಣಿಯುತ್ತದೆ? ಅದನ್ನು ಹೇಳಬೇಕಾದುದು ಪ್ರಯೋಗಶಾಲೆ.

ವಿಧಾನವೇನೋ ಸರಳವಾದುದು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಪಡ್ಡಿನ ಹಂಚಿನಲ್ಲಿರುವಂತೆ ಸಾಲುಸಾಲಾಗಿ 96 ಪುಟ್ಟ ಕುಳಿಗಳು. ಒಂದೊಂದು ಔಷಧಕ್ಕೆ ಒಂದೊಂದು ಸಾಲು. ಮೊದಲ ಕುಳಿಯಲ್ಲಿರುವ ಔಷಧದ ಅರ್ಧ ಎರಡನೆಯದರಲ್ಲಿ, ಅದರ ಅರ್ಧ ಮೂರನೆಯದರಲ್ಲಿ, ಹೀಗೆ ಇಳಿಯುತ್ತ ಹೋಗುತ್ತದೆ. ಎಲ್ಲಕ್ಕೂ ಪೋಷಕ ದ್ರವವನ್ನೂ ಅಳತೆಮಾಡಿದ ರೋಗಾಣುಗಳನ್ನೂ ಸೇರಿಸಿ, 35 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಇಡುತ್ತಾರೆ. ರೋಗಾಣು ಬೆಳೆದ ಕುಳಿ ಬಗ್ಗಡವಾಗುತ್ತದೆ. ಔಷಧವು ಗೆದ್ದ ಕುಳಿ ತಿಳಿಯಾಗಿಯೇ ಉಳಿಯುತ್ತದೆ. ತಿಳಿಯಾಗಿ ಉಳಿದ ಕುಳಿಗಳಲ್ಲಿ ಅತಿ ಕಡಮೆ ಔಷಧವಿರುವುದು ಯಾವುದೋ, ಅದೇ ಆ ಔಷಧದ ಕನಿಷ್ಠ ತಡೆಪ್ರಮಾಣ. ಮಿಲಿಲೀಟರಿಗೆ ಜೆಂಟಮೈಸಿನ್ 4 ಮೈಕ್ರೋಗ್ರಾಂ, ಸಿಪ್ರೊಫ್ಲಾಕ್ಸಸಿನ್ ಅರ್ಧ ಮೈಕ್ರೋಗ್ರಾಂ ಮೀರದೆ ತಡೆದರೆ, ರೋಗಾಣು ಆ ಔಷಧಕ್ಕೆ ಮಣಿಯಿತೆಂದು ಲೆಕ್ಕ.

ಟ್ಯುಲರೀಮಿಯದ ವಿಷಯದಲ್ಲಿ ಈ ಸರಳತೆಯೆಲ್ಲ ಕೆಡುತ್ತದೆ. ಸಾಮಾನ್ಯ ದ್ರವ ಇದಕ್ಕೆ ಒಗ್ಗದು. ಸಿಸ್ಟೀನ್ ಮೊದಲಾದ ಪೋಷಕಾಂಶಗಳ ಕೂಟವನ್ನು ನೂರಕ್ಕೆ 2ರಂತೆ ಕೂಡಿಸಬೇಕು. ಇತರ ಎಷ್ಟೋ ರೋಗಾಣುಗಳು ಒಂದೇ ದಿನದಲ್ಲಿ ಉತ್ತರ ಕೊಡುವಲ್ಲಿ ಇದಕ್ಕೆ 48 ಗಂಟೆ ಕಾಯಬೇಕು. ಇದು ಬರಿಯ ತೊಡಕಾಯಿತು. ಅಪಾಯ ಬೇರೆಯೇ ಇದೆ. ಒಂದೊಂದು ಕುಳಿಗೆ ಬೀಳುವ ರೋಗಾಣುಗಳು ಸುಮಾರು 50,000. ಉಸಿರಿನೊಡನೆ ಹೊಕ್ಕ ಹತ್ತೇ ಹತ್ತು ರೋಗಾಣುಗಳು ಮನುಷ್ಯನನ್ನು ಕೆಡವಲು ಸಾಕು! ಆದುದರಿಂದ ಮೂರನೆಯ ಸುರಕ್ಷಾ ಮಟ್ಟದ ಪ್ರಯೋಗಶಾಲೆಯಲ್ಲಿ, ಗಾಳಿಯನ್ನು ಒಳಗೆಳೆದು ಸೋಸುವ ಪೆಟ್ಟಿಗೆಯೊಳಗೆ ಕೈಯಿಟ್ಟು ಮಾತ್ರವೇ ಈ ಕೆಲಸ ನಡೆಯತಕ್ಕದ್ದು. ಅಲ್ಲಿಯೂ ಎಚ್ಚರ ತಪ್ಪಬಾರದು. 2004ರಲ್ಲಿ ಬಾಸ್ಟನ್ನಿನ ಸಂಶೋಧನಾಲಯವೊಂದರಲ್ಲಿ, ಬಲಗುಂದಿಸಿದ ತಳಿಯನ್ನೇ ಬಳಸುತ್ತಿದ್ದೇವೆಂದು ನಂಬಿದ್ದ ಮೂವರು ಸಂಶೋಧಕರು ಜ್ವರಕ್ಕೆ ಸಿಕ್ಕಿದರು. ಅದರಲ್ಲಿ ಉಗ್ರ ತಳಿ ಬೆರೆತಿದ್ದುದು ಆಮೇಲೆ ತಿಳಿಯಿತು.

ಆಸ್ಪತ್ರೆಯ ಸಾಮಾನ್ಯ ಪ್ರಯೋಗಶಾಲೆಯ ಪಾಡು ಇನ್ನೂ ಕಷ್ಟ. ಅಲ್ಲಿಗೆ ಬರುವ ರಕ್ತದ ಸೀಸೆಯ ಮೇಲೆ ರೋಗದ ಹೆಸರು ಬರೆದಿರುವುದಿಲ್ಲ. ರೋಗಾಣುವನ್ನು ತಾನಾಗಿ ಗುರುತಿಸುವ ಯಂತ್ರಗಳು ಇದನ್ನು ಬೇರೆ ಸಾಧು ರೋಗಾಣುವೆಂದು ತಪ್ಪಾಗಿ ಹೇಳಿರುವುದುಂಟು. ರಕ್ತ ಬೆರೆಸಿ ಕಾಯಿಸಿದ ಚಾಕೊಲೇಟ್ ಅಗಾರಿನ ಮೇಲೆ ನಿಧಾನವಾಗಿ ಚುಕ್ಕೆಯಂತೆ ಬೆಳೆದು, ಮೆಕಾಂಕಿ ಅಗಾರಿನ ಮೇಲೆ ಬೆಳೆಯದೆ ಹೋದರೆ, ಅನುಭವಿಯಾದ ಕೆಲಸಗಾರರು ಅಲ್ಲಿಗೇ ಕೈಬಿಟ್ಟು ಉನ್ನತ ಪ್ರಯೋಗಶಾಲೆಗೆ ಸುದ್ದಿ ಮುಟ್ಟಿಸುತ್ತಾರೆ. ತಟ್ಟೆಯ ಮುಚ್ಚಳ ತೆಗೆದು ಮೂಸಿ ನೋಡುವ ಹಳೆಯ ಅಭ್ಯಾಸವಿದ್ದವರನ್ನು ದೇವರೇ ಕಾಯಬೇಕು.

ಇಷ್ಟೆಲ್ಲ ಪಾಡುಪಟ್ಟ ಮೇಲೆ ಬರುವ ಉತ್ತರವೋ, ಬಹುಮಟ್ಟಿಗೆ ಮೊದಲೇ ಗೊತ್ತಿದ್ದುದು. ಮೇಲೆ ಹೇಳಿದ ಔಷಧಗಳಿಗೆ ಇದು ಮಣಿಯುತ್ತಲೇ ಬಂದಿದೆ. ನಿಸರ್ಗದಲ್ಲಿ ಅವುಗಳನ್ನು ಧಿಕ್ಕರಿಸಿ ನಿಂತ ತಳಿ ಸಿಕ್ಕಿಲ್ಲ. ಹಾಗಾಗಿಯೇ ಅಮೆರಿಕದ ಮಾನದಂಡದ ಪಟ್ಟಿಯಲ್ಲಿ 'ಮಣಿಯುತ್ತದೆ' ಎಂಬುದಕ್ಕೆ ಮಾತ್ರ ಅಂಕಿಗಳಿವೆ, 'ಮಣಿಯದು' ಎಂಬುದಕ್ಕೆ ಇಲ್ಲ. ಹಾಗಾದರೆ ಪರೀಕ್ಷೆ ಏತಕ್ಕೆ? ಸಿಪ್ರೊಫ್ಲಾಕ್ಸಸಿನ್ನನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಅದರೊಳಗೆ ಈ ರೋಗಾಣುವನ್ನು ಮತ್ತೆ ಮತ್ತೆ ಬೆಳೆಸಿದಾಗ, ಆ ಔಷಧವನ್ನು ಲೆಕ್ಕಿಸದ ತಳಿಗಳು ಹುಟ್ಟಿವೆ. ನಿಸರ್ಗ ಮಾಡದುದನ್ನು ಕೇಡಿಗಳು ಮಾಡಿಯಾರೆಂಬ ಭಯದಿಂದಲೇ ಅಮೆರಿಕದ ಸರಕಾರ ಇದನ್ನು ಅತ್ಯಂತ ಕಟ್ಟುನಿಟ್ಟಿನ ಕಾವಲಿರಬೇಕಾದ ರೋಗಾಣುಗಳ ಪಟ್ಟಿಗೆ ಸೇರಿಸಿದೆ. ಎರಿತ್ರೊಮೈಸಿನ್ ಎಂಬ ಇನ್ನೊಂದು ಔಷಧದ ಕಥೆ ಕುತೂಹಲಕರವಾದುದು: ಫ್ರಾನ್ಸ್, ಸ್ಪೇನ್‌ಗಳ ತಳಿಗಳು ಅದಕ್ಕೆ ಮಣಿದರೆ, ಸ್ಕ್ಯಾಂಡಿನೇವಿಯದ ಕಡೆಯ ಬಹುಪಾಲು ತಳಿಗಳು ಮಣಿಯವು.

ಕುಳಿಯ ತಿಳಿನೀರನ್ನು ನಂಬಿ ರೋಗಿಗೆ ಅಭಯ ಕೊಡುವಂತೆಯೂ ಇಲ್ಲ. ಮನುಷ್ಯನ ದೇಹದಲ್ಲಿ ಇದು ರೋಗಾಣುಗಳನ್ನು ನುಂಗಬೇಕಾದ ಕಾವಲು ಜೀವಕಣಗಳ ಒಳಗೇ ಅಡಗಿ ಬೆಳೆಯುತ್ತದೆ. ತಟ್ಟೆಯಲ್ಲಿ ಅಂಥ ಮರೆ ಎಲ್ಲಿ? ಡಾಕ್ಸಿಸೈಕ್ಲಿನ್ ಈ ರೋಗಾಣುವಿನ ಬೆಳವಣಿಗೆಯನ್ನು ನಿಲ್ಲಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಜ್ವರ ಬಿಟ್ಟಿತೆಂದು ಬೇಗನೆ ನಿಲ್ಲಿಸಿದರೆ ರೋಗ ಮರುಕಳಿಸುವುದುಂಟು; ಅದನ್ನು 14ರಿಂದ 21 ದಿನಗಳವರೆಗೆ ಕೊಡುವುದು ಇದಕ್ಕಾಗಿಯೇ. ಬಲ್ಲ ವೈದ್ಯರು ವರದಿಗಾಗಿ ಕಾಯುತ್ತ ಕೂರುವುದೂ ಇಲ್ಲ. ಮೊಲವನ್ನು ಸುಲಿದಿದ್ದಿರಾ, ಉಣ್ಣೆ ಕಚ್ಚಿತ್ತೇ, ಹುಲ್ಲು ಕತ್ತರಿಸಿದ್ದಿರಾ ಎಂದು ಕೇಳಿ, ಸಂಶಯ ಬಂದೊಡನೆ ಸೂಜಿ ಚುಚ್ಚುತ್ತಾರೆ. ವರದಿ ಬರುವ ವೇಳೆಗೆ ರೋಗಿಯು ಹಲವು ದಿನಗಳ ಔಷಧವನ್ನು ಪಡೆದಾಗಿರುತ್ತದೆ.