ಲಿಸ್ಟಿಗೆ ಗೊರಗುಂಟೆಪಾಳ್ಯ ಗೊತ್ತಿಲ್ಲ

ನಿಮ್ಮ ಫೋನಿನಲ್ಲಿರೋ ಟು-ಡು ಲಿಸ್ಟ್ ದಿನಾ ಬೆಳಗ್ಗೆ ನಿಮ್ಮನ್ನ ಸೋಮಾರಿ ಅಂತ ಬೈಯುತ್ತೆ, ಅದೂ ಕೆಂಪು ಅಕ್ಷರದಲ್ಲಿ. ನಿನ್ನೆಯ ಬಾಕಿ ಐದು, ಮೊನ್ನೆಯದು ಮೂರು, ಹೋದ ತಿಂಗಳಿಂದ ತಳ್ಳಿಕೊಂಡೇ ಬರ್ತಿರೋ ‘ಅಪ್ಪನ ಕಣ್ಣಿನ ಡಾಕ್ಟರ್’ ಒಂದು. ನೀವೂ ಅದನ್ನ ನಂಬಿಬಿಟ್ಟಿದ್ದೀರಿ. ಭಾನುವಾರ ಸಂಜೆ ಕೂತು ಹೊಸ ಆ್ಯಪ್ ಹಾಕ್ಕೊಂಡು, ಹಳೇ ಬಾಕಿಯನ್ನೆಲ್ಲ ಅದಕ್ಕೆ ಸಾಗಿಸಿ, ಬಣ್ಣಬಣ್ಣದ ಲೇಬಲ್ ಅಂಟಿಸಿ, ನಾಳೆಯಿಂದ ಶಿಸ್ತು ಅಂತ ಮಲಗ್ತೀರಿ. ನನ್ನ ತಕರಾರು ಇಷ್ಟೇ: ಕೊರತೆ ಇರೋದು ನಿಮ್ಮ ಶಿಸ್ತಿನಲ್ಲಲ್ಲ, ಲೆಕ್ಕದಲ್ಲಿ.

ಮನೆ ದಾಸರಹಳ್ಳಿಯಲ್ಲಿ, ಕೆಲಸ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಅಂತಿಟ್ಟುಕೊಳ್ಳಿ. ಹಸಿರು ಮಾರ್ಗದ ಮೆಟ್ರೋ ಹತ್ತಿ ಗೊರಗುಂಟೆಪಾಳ್ಯದಲ್ಲಿ ಇಳಿಯೋವರೆಗೆ ಸುಖ. ಮೆಟ್ಟಿಲು ಇಳಿದ ಮೇಲೆ ಬೇರೆಯೇ ಪ್ರಪಂಚ. ತುಮಕೂರು ರಸ್ತೆ, ಹೊರವರ್ತುಲ ರಸ್ತೆ ಎರಡೂ ಇಲ್ಲೇ ಕೂಡೋದು. ಪೀಣ್ಯದ ಲಾರಿ, ತುಮಕೂರಿನ ಕಡೆಯಿಂದ ಬರೋ ಬಸ್ಸು, ಕ್ಯಾಬು, ಬೈಕು ಎಲ್ಲಕ್ಕೂ ಅದೇ ಜಂಕ್ಷನ್. ಆಮೇಲೆ ಬಿಇಎಲ್ ಸರ್ಕಲ್, ಆಮೇಲೆ ಹೆಬ್ಬಾಳ. ಒಂದು ದಿನ ಮುಕ್ಕಾಲು ಗಂಟೆ ಹಿಡಿಯೋ ದಾರಿ ಇನ್ನೊಂದು ದಿನ ಒಂದೂವರೆ ಗಂಟೆ ತಿನ್ನುತ್ತೆ. ಯಾವ ದಿನ ಎಷ್ಟು ಅಂತ ಹೇಳಬಲ್ಲ ಜ್ಯೋತಿಷಿ ಇನ್ನೂ ಹುಟ್ಟಿಲ್ಲ.

ಈಗ ಕೂಡಿ ನೋಡಿ. ನಿದ್ದೆ ಏಳು ಗಂಟೆ. ಆಫೀಸು, ಊಟದ ಬಿಡುವೂ ಸೇರಿ, ಒಂಬತ್ತು. ಹೋಗಿಬರೋಕೆ ಮೂರು. ಸ್ನಾನ, ಅಡುಗೆ, ಊಟ, ಪಾತ್ರೆ, ಬಟ್ಟೆ ಅಂತ ಇನ್ನೊಂದು ಮೂರು. ಉಳಿದದ್ದು ಎರಡು ಗಂಟೆ. ನಿಮ್ಮ ಲಿಸ್ಟಿನಲ್ಲಿ ಇವತ್ತಿಗೆ ಹಾಕಿರೋದು ಹದಿನಾಲ್ಕು ಐಟಂ, ಅದರಲ್ಲಿ ಒಂದು ‘ಪೈಥಾನ್ ಕಲಿ’. ಸ್ವಾಮಿ, ಯಾವ ಶಿಸ್ತು ತಂದರೆ ಇದು ಮುಗಿಯುತ್ತೆ?

ಮನೇಲಿ ಅಮ್ಮ ಬರೀತಿದ್ದ ದಿನಸಿ ಚೀಟಿಗೆ ಒಂದು ಅಳತೆ ಇತ್ತು. ಕೈಯಲ್ಲಿರೋ ದುಡ್ಡು ಇಷ್ಟು, ಚೀಲ ಇಷ್ಟು ದೊಡ್ಡದು, ತಿಂಗಳು ಇನ್ನೆಷ್ಟು ದಿನ ಇದೆ ಅಂತ ನೋಡಿಯೇ ತೊಗರಿಬೇಳೆ ಎರಡು ಕೆಜಿನೋ ಒಂದೋ ಅಂತ ಬರೆಯೋರು. ಆ್ಯಪಿನ ಲಿಸ್ಟಿಗೆ ಚೀಲವೇ ಇಲ್ಲ. ಎಷ್ಟು ತುಂಬಿದರೂ ಸಾಕು ಅನ್ನಲ್ಲ. ‘ಗ್ಯಾಸ್ ಬುಕ್ ಮಾಡು’ ಅನ್ನೋದಕ್ಕೂ ಒಂದೇ ಸಾಲು, ‘ಕ್ವಾರ್ಟರ್ ರಿಪೋರ್ಟ್ ಮುಗಿಸು’ ಅನ್ನೋದಕ್ಕೂ ಒಂದೇ ಸಾಲು. ಒಂದು ಎರಡು ನಿಮಿಷದ್ದು, ಇನ್ನೊಂದು ಎರಡು ದಿನದ್ದು. ಟಿಕ್ ಮಾತ್ರ ಒಂದೇ ಸೈಜಿನದು. ಹಾಗಾಗಿಯೇ ಸಂಜೆ ಹೊತ್ತಿಗೆ ಏಳು ಟಿಕ್ ಬಿದ್ದಿದ್ದರೂ ಮುಖ್ಯವಾದದ್ದು ಒಂದೂ ಆಗಿರಲ್ಲ.

ಅವಧಿ ಅಂದಾಜು ಮಾಡೋದರಲ್ಲಿ ಮನುಷ್ಯ ಎಷ್ಟು ದಡ್ಡ ಅನ್ನೋದಕ್ಕೆ 1994ರ ಒಂದು ಸಂಶೋಧನೆ ಇದೆ, ಬ್ಯೂಲರ್, ಗ್ರಿಫಿನ್, ರಾಸ್ ಅನ್ನೋ ಮೂವರು ಮಾಡಿದ್ದು. ಪ್ರಬಂಧ ಬರೀತಿದ್ದ ವಿದ್ಯಾರ್ಥಿಗಳನ್ನ ಎಷ್ಟು ದಿನ ಬೇಕು ಅಂತ ಕೇಳಿದಾಗ ಸರಾಸರಿ ಸುಮಾರು 34 ದಿನ ಅಂದರು. ಎಲ್ಲವೂ ಕೈಕೊಟ್ಟರೆ? ಸುಮಾರು 49. ಕಡೆಗೆ ಹಿಡಿದದ್ದು 55. ಅಂದರೆ ಅವರು ಊಹಿಸಿದ ಅತಿ ಕೆಟ್ಟ ಪರಿಸ್ಥಿತಿಗಿಂತಲೂ ನಿಜ ಕೆಟ್ಟದಾಗಿತ್ತು. ಅವರ ದಾರಿಯಲ್ಲಿ ಗೊರಗುಂಟೆಪಾಳ್ಯವೂ ಇರಲಿಲ್ಲ!

2021ರ ಡಿಸೆಂಬರ್ ಕೊನೆಯಲ್ಲಿ ಇಲ್ಲಿಂದ ಶುರುವಾಗೋ ಪೀಣ್ಯ ಮೇಲ್ಸೇತುವೆಯ ಕೇಬಲ್ ಹಾಳಾಗಿದೆ ಅಂತ ಸಂಚಾರ ನಿಲ್ಲಿಸಿದರು. 2022ರ ಫೆಬ್ರವರಿಯಲ್ಲಿ ಲಘು ವಾಹನ ಬಿಟ್ಟರು. ಭಾರಿ ವಾಹನಗಳಿಗೆ ಮತ್ತೆ ದಾರಿ ಸಿಕ್ಕಿದ್ದು 2024ರ ಜುಲೈನಲ್ಲಿ. ಅಲ್ಲಿವರೆಗೆ ಲಾರಿ, ಬಸ್ಸು ಎಲ್ಲಾ ಕೆಳಗಡೆಯೇ. ಆ ಎರಡೂವರೆ ವರ್ಷ ಈ ದಾರಿಯಲ್ಲಿ ಓಡಾಡಿದವರ ಲಿಸ್ಟಿನಿಂದ ಯಾವ ಆ್ಯಪಾದರೂ ‘ಪಾಪ, ಇವತ್ತು ಲೇಟಾಯ್ತು’ ಅಂತ ಎರಡು ಕೆಲಸ ತೆಗೆದುಹಾಕ್ತಾ? ಸೇತುವೆಯ ಕೇಬಲ್ ಹಾಳಾದರೂ ಕೆಂಪಾಗಿದ್ದು ನಿಮ್ಮ ಲಿಸ್ಟು.

ಟೊಡೊಯಿಸ್ಟ್ ಅನ್ನೋ ಜನಪ್ರಿಯ ಆ್ಯಪ್ ಇದೆ. ಅದರಲ್ಲಿ ಕೆಲಸ ಮುಗಿಸಿದರೆ ಪಾಯಿಂಟ್ ಕೊಡ್ತಾರೆ, ಬಾಕಿ ಹಳೇದಾದರೆ ಕಿತ್ಕೋತಾರೆ. ಆ ಪಾಯಿಂಟಿಗೆ ಇಟ್ಟಿರೋ ಹೆಸರು ಕರ್ಮ. ಇದನ್ನ ನಾನು ಕಟ್ಟಿ ಹೇಳ್ತಿಲ್ಲ. ಸಿಗ್ನಲ್ಲಿನಲ್ಲಿ ನಿಂತು ಕರ್ಮ ಕಳ್ಕೊಳ್ಳೋ ಯೋಗ ನಮಗೆ ಮಾತ್ರ.

ಹಾಗಂತ ಲಿಸ್ಟೇ ಬೇಡ ಅಂತಲ್ಲ. ಮುಗಿಯದ ಕೆಲಸ ತಲೆಯಲ್ಲಿ ಕೊರೀತಾ ಇರುತ್ತೆ ಅನ್ನೋ ಮಾತನ್ನ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಎತ್ತಿದ್ದರು. ಆ ಕೊರೆತ ನಿಲ್ಲೋಕೆ ಕೆಲಸ ಮುಗಿಸಲೇಬೇಕಿಲ್ಲ, ಯಾವಾಗ ಹೇಗೆ ಮಾಡ್ತೀನಿ ಅಂತ ನಿಗದಿ ಮಾಡಿದರೂ ಸಾಕಾಗಬಹುದು ಅಂತ 2011ರಲ್ಲಿ ಮಸಿಕಾಂಪೊ, ಬೌಮೈಸ್ಟರ್ ತೋರಿಸಿದರು. ಗಮನಿಸಿ, ‘ಯಾವಾಗ’. ಹೊತ್ತು ಗೊತ್ತಿಲ್ಲದೆ ಬರೀ ಹೆಸರು ಬರೆದಿಟ್ಟರೆ ತಲೆಯ ಕೊರೆತ ಫೋನಿಗೂ ಹತ್ತಿಕೊಳ್ಳುತ್ತೆ, ಅಷ್ಟೇ. ‘ಅಪ್ಪನ ಕಣ್ಣಿನ ಡಾಕ್ಟರ್’ ಒಂದು ತಿಂಗಳಿಂದ ಯಾಕೆ ಆಗಿಲ್ಲ ಗೊತ್ತಾ? ಅದು ಟಾಸ್ಕೇ ಅಲ್ಲ, ಅರ್ಧ ದಿನದ ರಜೆ. ರಜೆ ಕೇಳೋಕೆ ಹಿಂಜರಿಕೆ. ಆ ಹಿಂಜರಿಕೆಯನ್ನ ಮುಚ್ಚಿಡೋಕೆ ಲಿಸ್ಟು ಒಳ್ಳೇ ಜಾಗ.

ಇಲ್ಲಿಗೆ ಬಂದರೆ ವಿಷಯ ಆ್ಯಪಿನದಾಗಿ ಉಳಿಯಲ್ಲ. ಮೆಟ್ರೋದಲ್ಲಿ ಒಂದೆರಡು ಸ್ಟೇಷನ್ ಹಿಂದಕ್ಕೆ ಹೋದರೆ ಪೀಣ್ಯದ ಕಾರ್ಖಾನೆಗಳು. ಕಾರ್ಖಾನೆಯ ಕೆಲಸಕ್ಕೆ ವಾರಕ್ಕೆ 48 ಗಂಟೆಯ ಮಿತಿ, ದಾಟಿದರೆ ಎರಡು ಪಟ್ಟು ಕೂಲಿ ಅಂತ 1948ರ ಕಾಯ್ದೆಯಲ್ಲೇ ಬರೆದಿಟ್ಟರು. ಎಲ್ಲ ಕಡೆ ನಡೀತು ಅಂತ ನಾನೇನೂ ಪ್ರಮಾಣ ಮಾಡಲ್ಲ. ಆದರೆ ಒಬ್ಬ ಆಳಿಗೆ, ಒಂದು ಮಷೀನಿಗೆ ಒಂದು ಶಿಫ್ಟಿನಲ್ಲಿ ಇಷ್ಟೇ ಆಗೋದು ಅನ್ನೋ ತಿಳಿವಳಿಕೆ ಅಲ್ಲಿ ಎಲ್ಲರಿಗೂ ಇದೆ. ಎಂಟು ಗಂಟೆ ಲೇಥ್ ಓಡಿಸಿದವನಿಗೆ ಹದಿನಾರು ಗಂಟೆಯ ಪೀಸ್ ಬರಲಿಲ್ಲ ಅಂತ ‘ಟೈಂ ಮ್ಯಾನೇಜ್‌ಮೆಂಟ್’ ಪಾಠ ಯಾರೂ ಮಾಡಲ್ಲ. ನಮಗೆ ಮಾಡ್ತಾರೆ. ವಾರಕ್ಕೆ 70 ಗಂಟೆ ದುಡೀಬೇಕು ಅಂತ 2023ರಲ್ಲಿ ನಾರಾಯಣಮೂರ್ತಿಯವರು ಹೇಳಿದಾಗ ಊರೆಲ್ಲ ಜಗಳ ಆಯ್ತು. ಆದರೆ ಅದೇ 70 ಗಂಟೆಯನ್ನ ನಮ್ಮ ಲಿಸ್ಟಿಗೆ ನಾವೇ ಟೈಪ್ ಮಾಡ್ಕೊಂಡಾಗ ಜಗಳ ಆಡೋಕೆ ಯಾರೂ ಇಲ್ಲ.

ಇನ್ನೊಂದು ಗುಂಪಿನ ಕೆಲಸ ಲಿಸ್ಟಿಗೆ ಬರೋದೇ ಇಲ್ಲ. ರಾತ್ರಿ ಅಕ್ಕಿ ನೆನೆಹಾಕೋದು, ನೀರಿನ ಕ್ಯಾನಿಗೆ ಫೋನ್ ಮಾಡೋದು, ಮಗುವಿನ ಸ್ಕೂಲಿನ ವಾಟ್ಸಾಪ್ ಗ್ರೂಪ್ ಓದೋದು. ಇವನ್ನ ಮಾಡೋರು ಯಾರು ಅಂತ ನಿಮ್ಮ ಮನೆಯಲ್ಲೇ ನೋಡಿ. ಗಂಡನ ಲಿಸ್ಟು ಸಂಜೆ ಆರಕ್ಕೆ ಖಾಲಿಯಾಗಿ ಕರ್ಮ ಏರ್ತಿದ್ದರೆ, ಅದರ ಬೆಲೆ ಹೆಂಡತಿಯ ಎರಡು ಗಂಟೆಯಲ್ಲಿ ಹೋಗಿರುತ್ತೆ.

ಮಾಡೋದಿಷ್ಟು. ನಾಳೆಯ ಲಿಸ್ಟಿನ ಮೊದಲ ಸಾಲು ‘ದಾರಿ: 3 ಗಂಟೆ’. ಪ್ರತಿ ಕೆಲಸದ ಮುಂದೆ ನಿಮಿಷ ಬರೀರಿ, ನಿಮಗೆ ತೋಚಿದ್ದಕ್ಕೆ ಅರ್ಧ ಸೇರಿಸಿ. ಎರಡು ಗಂಟೆ ತುಂಬಿದ ತಕ್ಷಣ ಗೆರೆ ಎಳೀರಿ. ಗೆರೆ ಕೆಳಗಿನದಕ್ಕೆ ದಿನಾಂಕ ಹಾಕಬೇಡಿ, ಆಗ ಕೆಂಪಾಗಲ್ಲ. ಪೈಥಾನ್ ಅಲ್ಲೇ ಇರಲಿ, ಓಡಿಹೋಗಲ್ಲ.

ಆಫೀಸಿನಲ್ಲೂ ಇದೇ ಲೆಕ್ಕ. ಒಂಬತ್ತು ಗಂಟೆಗೆ ಎಷ್ಟು ಹಿಡಿಯುತ್ತೋ ಅಷ್ಟಕ್ಕೆ ಅಲ್ಲೂ ಗೆರೆ. ಟೀಮಿನ ಬೋರ್ಡಿನಲ್ಲಿ ನಿಮ್ಮ ಹೆಸರಿಗೆ ಹೊಸ ಕಾರ್ಡ್ ಬಿದ್ದ ಕೂಡಲೇ ಕೇಳಿ, ‘ಇದನ್ನ ತಗೋತೀನಿ, ಬದಲಿಗೆ ಯಾವುದನ್ನ ಇಳಿಸಲಿ?’ ಐಟಿಯಲ್ಲಿ ಸಾರ್ ಅನ್ನಲ್ಲ, ಮ್ಯಾನೇಜರನ್ನ ಹೆಸರು ಹಿಡಿದೇ ಕರೀತೀವಿ. ಆ ಸಮಾನತೆ ಈ ಪ್ರಶ್ನೆಗಾದರೂ ಉಪಯೋಗಕ್ಕೆ ಬರಲಿ. ‘ಎಲ್ಲವೂ ಅರ್ಜೆಂಟ್’ ಅನ್ನೋ ಉತ್ತರ ಬರುತ್ತೆ. ಬಂದರೆ ಸರಿ, ಎರಡನ್ನ ಆರಿಸಿ ಕೊಡಿ ಅಂತ ಇಮೇಲಿನಲ್ಲಿ ಬರೆದು ಕೇಳಿ. ಬಾಯಲ್ಲಿ ಅಲ್ಲ, ಇಮೇಲಿನಲ್ಲಿ.